ಟ್ಯೂಬ್ ತೆಗೆದ ಮೇಲೂ ಕೆಲಸ ಮುಗಿದಿಲ್ಲ

ತುಮಕೂರು ನಗರ, ಗುಬ್ಬಿ, ಕುಣಿಗಲ್‌ಗಳಲ್ಲಿ ಅರಿವಳಿಕೆ ಕೊಡುತ್ತಾ ಬಂದಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ತಪ್ಪದೆ ಹೇಳುವುದು ಶ್ವಾಸಕೋಶದಲ್ಲಿ ನೀರು ತುಂಬುವ ತೊಡಕಿನ ಬಗ್ಗೆ. ಅದು ಅಪರೂಪ, ಆದರೆ ಬಂತೆಂದರೆ ನಿಮಿಷಗಳಲ್ಲಿ ಕೈ ಮೀರುತ್ತದೆ.

1. ಗಟ್ಟಿಮುಟ್ಟಾದವರ ಮೇಲೆ ಕಣ್ಣಿಡಿ. ಟ್ಯೂಬ್ ತೆಗೆದ ಕೂಡಲೇ ಕೆಲವರ ಧ್ವನಿತಂತುಗಳು ಬಿಗಿದು ಗಂಟಲು ಮುಚ್ಚುತ್ತದೆ. ಇದೇ ಲ್ಯಾರಿಂಗೋಸ್ಪಾಸಂ. ಮುಚ್ಚಿದ ದಾರಿಯಲ್ಲಿ ಉಸಿರೆಳೆಯಲು ರೋಗಿ ಒದ್ದಾಡಿದಷ್ಟೂ ಎದೆಯೊಳಗಿನ ಎಳೆತ ಹೆಚ್ಚಿ, ರಕ್ತನಾಳಗಳ ನೀರು ಗಾಳಿಗೂಡುಗಳಿಗೆ ಇಳಿಯುತ್ತದೆ. ಕಟ್ಟುಮಸ್ತಾದ ಹರೆಯದವರಲ್ಲಿ ಆ ಎಳೆತವೂ ಜೋರು.

2. ಮಾನಿಟರ್‌ಗಿಂತ ಮೊದಲು ಎದೆ ನೋಡಿ. ಕತ್ತಿನ ಬುಡದ ಗುಂಡಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿದೆ, ಹೊಟ್ಟೆ ಉಬ್ಬುವಾಗ ಎದೆ ಕುಸಿಯುತ್ತಿದೆ, ಉಸಿರಿನ ಸದ್ದೇ ಇಲ್ಲ ಎಂದರೆ ದಾರಿ ಮುಚ್ಚಿದೆ. ಸ್ಯಾಚುರೇಶನ್ ಇಳಿಯುವುದು ಆಮೇಲೆ. ದವಡೆ ಮುಂದೆತ್ತಿ, ಮಾಸ್ಕ್ ಬಿಗಿಹಿಡಿದು, ಒತ್ತಡದಲ್ಲಿ ಪೂರ್ತಿ ಆಕ್ಸಿಜನ್ ಕೊಡಿ. ಬಿಗಿತ ಬಿಡದಿದ್ದರೆ ಸ್ಕೋಲಿನ್ ಬೇಕು. ಸಿರಿಂಜ್‌ಗೆ ತುಂಬಿಟ್ಟ ಮೇಲೆಯೇ ಟ್ಯೂಬಿಗೆ ಕೈ ಹಾಕಿ.

3. ಟ್ಯೂಬ್ ಕಚ್ಚಲು ಬಿಡಬೇಡಿ. ಎಚ್ಚರವಾಗುವಾಗ ಹಲ್ಲು ಕಚ್ಚಿ ಟ್ಯೂಬ್ ಮುಚ್ಚಿದರೂ ಹೀಗೇ ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ. ದವಡೆ ಹಲ್ಲುಗಳ ನಡುವೆ ಸುತ್ತಿದ ಗಾಜ್ ಇರಲಿ.

4. ಗುಲಾಬಿ ನೊರೆ ಕಂಡಾಗ ಮೊದಲು ಬೇಕಾದದ್ದು ಒತ್ತಡದ ಆಕ್ಸಿಜನ್. ಕೈ ಲ್ಯಾಸಿಕ್ಸ್ ಕಡೆ ಓಡುತ್ತದೆ. ಆದರೆ ಈ ರೋಗಿಯ ಮೈಯಲ್ಲಿ ನೀರು ಹೆಚ್ಚಾಗಿಲ್ಲ, ಜಾಗ ತಪ್ಪಿದೆ. ಸಿಪ್ಯಾಪ್ ಹಾಕಿ; ಸಾಲದಿದ್ದರೆ ಮತ್ತೆ ಟ್ಯೂಬ್ ಹಾಕಿ ಪೀಪ್ ಕೊಡಿ. ಬೇಗ ಗುರುತಿಸಿದರೆ ಹೆಚ್ಚಿನವರು 12ರಿಂದ 48 ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

5. ಬಸುರಿನ ಬಿ.ಪಿ. ಇರುವ ಹೆಣ್ಣುಮಕ್ಕಳಿಗೆ ಡ್ರಿಪ್ ಅಳೆದು ಕೊಡಿ. ಸ್ಪೈನಲ್ ಕೊಟ್ಟು ಬಿ.ಪಿ. ಇಳಿದಾಗ ಬಾಟಲಿ ಮೇಲೆ ಬಾಟಲಿ ಹರಿಸಿದರೆ ಶ್ವಾಸಕೋಶಕ್ಕೇ ನೀರು. ಪ್ರಿಎಕ್ಲಾಂಪ್ಸಿಯಾ ತೀವ್ರವಾಗಿದ್ದರೆ, ರಕ್ತಸ್ರಾವವಿಲ್ಲದಾಗ, ಗಂಟೆಗೆ ಒಟ್ಟು 80 ಮಿ.ಲೀ. ಮಿತಿ. ಹೃದಯದ ಕವಾಟ ಕಿರಿದಾದವರನ್ನೂ ಹೀಗೇ ಕಾಪಾಡಬೇಕು. ಅದಕ್ಕೇ ಆಪರೇಷನ್‌ಗೆ ಮುಂಚೆ ಸ್ಟೆತಸ್ಕೋಪ್ ಇಟ್ಟು ಕೇಳಿ.

6. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು; ದಾರಿಯ ಲೆಕ್ಕ ಮೊದಲೇ ಹಾಕಿ. ತುಮಕೂರಿಗೆ ಗುಬ್ಬಿಯಿಂದ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಇನ್ನೂ ದೂರ. 108 ಆಂಬುಲೆನ್ಸ್ ಬಂದ ತಕ್ಷಣ ರೋಗಿಯನ್ನು ಹತ್ತಿಸಿ ಕಳಿಸಿದರೆ ಸಾಲದು. ಸಿಲಿಂಡರ್ ತುಂಬಿದೆಯೇ ನೋಡಿ. ಅಂಬು ಬ್ಯಾಗ್ ಒತ್ತಬಲ್ಲವರು ಜೊತೆಗಿರಲೇಬೇಕು.

7. ಮನೆಯವರಿಗೆ ಬಿಡಿಸಿ ಹೇಳಿ. ಕೆಲವರಲ್ಲಿ ಶ್ವಾಸಕೋಶದ ನೀರು ಗಂಟೆಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಗಂಟಲು ಬಿಗಿದಿದ್ದವರನ್ನು ಆ ರಾತ್ರಿ ಮನೆಗೆ ಕಳಿಸಬೇಡಿ. ವಾರ್ಡಿನಲ್ಲಿ ಜೊತೆಗಿರುವ ತಾಯಿಗೆ ನಾನೇ ಹೋಗಿ ಹೇಳುತ್ತೇನೆ: "ಅಮ್ಮಾ, ಉಸಿರು ಜೋರಾದರೆ, ಮಲಗಲಾಗದೆ ಎದ್ದು ಕೂತರೆ, ಕೆಮ್ಮಿನಲ್ಲಿ ನೊರೆ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಸಿಸ್ಟರನ್ನು ಕರೀರಿ."