ನಡುವಯಸ್ಸಿನಲ್ಲಿ ಅಂಗಸಾಧನೆ: ಮರಳಿ ಮೊದಲ ಪಾಠ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ತರುವಾಯ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆಯ ಎರೆಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ನೀರಿನ ಹಿಂದೆಯೇ ಸಂಪತ್ತು ಬಂದಿತು. ಸಂಪತ್ತಿನ ಹಿಂದೆ ಯಂತ್ರಗಳೂ ಬಂದವು. ಸಾಲಗುಂದದಂತಹ ಊರಿನಲ್ಲಿ ಇಪ್ಪತ್ತರ ಹರೆಯದಲ್ಲಿ 75 ಕಿಲೋ ಭತ್ತದ ಚೀಲವನ್ನು ಬೆನ್ನಿಗೇರಿಸಿ, ಜಾತ್ರೆಯಲ್ಲಿ ಗುಂಡುಕಲ್ಲನ್ನೆತ್ತಿ ಮೆಚ್ಚುಗೆ ಪಡೆದವನು ಐವತ್ತರಲ್ಲಿ ಮಾಳಿಗೆಯ ಮೆಟ್ಟಿಲೇರುವಾಗಲೇ ಏದುಸಿರು ಬಿಡುವುದುಂಟು. ಬೋಧನೆಯಲ್ಲಿಯೂ ವ್ಯಾಪಾರದಲ್ಲಿಯೂ ಕುಳಿತೇ ಕಾಲ ಕಳೆಯುವವರ ಸ್ಥಿತಿಯೂ ಇದೇ. ಇಂತಹವನು ಮರಳಿ ಸಾಧನೆಗೆ ತೊಡಗಬಹುದೇ? ತೊಡಗಬಹುದು, ಆದರೆ ಬಿಟ್ಟ ಹಂತದಿಂದಲ್ಲ, ಮೊದಲ ಪಾಠದಿಂದ.

ಅಂಗಸಾಧನೆಯು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಭಾರವೆತ್ತುವುದು, ನಡೆಯುವುದು, ನೀರಿನಲ್ಲಿ ಶ್ರಮಿಸುವುದು, ಕಂಬದ ಸಾಧನೆ ಮುಂತಾದ ಅಭ್ಯಾಸಗಳನ್ನು ಅಲ್ಲಿ ವಿವರಿಸಲಾಗಿದೆ. ಮಲ್ಲರನ್ನು ವಯಸ್ಸು, ಬಲಗಳನ್ನು ನೋಡಿ ವಿಂಗಡಿಸಿರುವುದು ವಿಶೇಷವಾಗಿ ಗಮನಾರ್ಹ. ಎಲ್ಲರಿಗೂ ಒಂದೇ ಅಳತೆಯಲ್ಲವೆಂಬ ವಿವೇಕ ಅದರಲ್ಲಿ ಅಡಗಿದೆ.

ಮೂವತ್ತು, ನಲವತ್ತರ ಬಳಿಕ ಸ್ನಾಯುಗಳು ಮೆಲ್ಲಮೆಲ್ಲನೆ ಕ್ಷೀಣಿಸುವುವು. ಆದರೂ ಅವು ಕಲಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 90 ವರ್ಷ ವಯಸ್ಸಿನ ದುರ್ಬಲರು ಎಂಟು ವಾರಗಳ ಭಾರಸಾಧನೆಯಿಂದ ಕಾಲುಗಳ ಬಲವನ್ನು ಗಣನೀಯವಾಗಿ ಹೆಚ್ಚಿಸಿಕೊಂಡರು. ತೊಂಬತ್ತರಲ್ಲಿ ಸಾಧ್ಯವಾದುದು ಐವತ್ತರಲ್ಲಿ ಅಸಾಧ್ಯವಾಗಲಾರದು.

ಅಪಾಯವಿರುವುದು ನೆನಪಿನಲ್ಲಿ. ದೇಹಕ್ಕೆ ವಯಸ್ಸಾದರೂ ಅಭಿಮಾನಕ್ಕೆ ವಯಸ್ಸಾಗುವುದಿಲ್ಲ. ತರುಣರೆದುರು ಹಳೆಯ ಗುಂಡಿಗೆ ಕೈಹಾಕಿ ಸೊಂಟ ಉಳುಕಿಸಿಕೊಂಡವನು ಮತ್ತೆ ಸಾಧನೆಯ ಗೊಡವೆಗೆ ಹೋಗುವುದಿಲ್ಲ. ಸ್ನಾಯುವಿಗೆ ಬೇಗ ಬಲ ಬಂದರೂ ಅದನ್ನು ಎಲುಬಿಗೆ ಬಿಗಿಯುವ ನರಕಟ್ಟುಗಳು ನಿಧಾನವಾಗಿ ಗಟ್ಟಿಯಾಗುವುವು. ಆಯುರ್ವೇದಾಚಾರ್ಯರು ಅರ್ಧಶಕ್ತಿಯಷ್ಟೇ ವ್ಯಾಯಾಮ ವಿಧಿಸಿದ್ದಾರೆ. ಉಸಿರು ಬಾಯಿಗೆ ಬರುವುದೇ ಅರ್ಧಶಕ್ತಿ ವ್ಯಯವಾದುದರ ಲಕ್ಷಣವೆಂದು ಸುಶ್ರುತನ ಮತ. ವಾಗ್ಭಟನು ಈ ಪ್ರಮಾಣವನ್ನು ಶೀತಕಾಲಕ್ಕೂ ವಸಂತಕ್ಕೂ ಹೇಳಿ, ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿರಲೆಂದಿದ್ದಾನೆ. ರಾಯಚೂರು ಜಿಲ್ಲೆಯ ಬೇಸಿಗೆಯನ್ನು ಬಲ್ಲವರಿಗೆ ಈ ಮಾತಿನ ಬೆಲೆ ಬೇರೆ ಹೇಳಬೇಕಿಲ್ಲ.

ಕ್ರಮವು ಸರಳವಾಗಿರಲಿ. ಮೊದಲು ಕೆಲವು ವಾರ ನಡಿಗೆ. ಆ ಬಳಿಕ ಗೋಡೆಗೆ ಕೈಯೂರಿ ದಂಡ, ಕಟ್ಟೆಯ ಮೇಲೆ ಕುಳಿತು ಏಳುವ ಅರೆ ಬಸ್ಕಿ. ಅನಂತರ ಐದು ಕಿಲೋ ಮರಳಿನ ಚೀಲವನ್ನು ಎದೆಗವಚಿ, ಬೆನ್ನು ನೆಟ್ಟಗಿರಿಸಿ, ಮೊಣಕಾಲು ಮಡಿಸಿ ಎತ್ತುವುದು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಅದರಿಂದ ರಕ್ತದೊತ್ತಡ ಏರುವುದು. ವಾರಕ್ಕೆ ಎರಡು ಮೂರು ದಿನ ಸಾಕು. ನಡುವಣ ದಿನಗಳ ವಿಶ್ರಾಂತಿಯೂ ಸಾಧನೆಯ ಅಂಗವೇ. ಹೃದ್ರೋಗ, ರಕ್ತದೊತ್ತಡ, ಮಧುಮೇಹಗಳುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಜೋಳದ ರೊಟ್ಟಿ, ಬೇಳೆ, ಮೊಳಕೆಕಾಳು, ಶೇಂಗಾ, ಮೊಸರು ಇರುವ ಮನೆಯಲ್ಲಿ ಪುಷ್ಟಿಗೆ ಕೊರತೆಯಿಲ್ಲ. ಬೇಗ ಮೈತುಂಬಿಸುವ ಚುಚ್ಚುಮದ್ದುಗಳು ಹೃದಯ, ಯಕೃತ್ತುಗಳಿಗೆ ಕೇಡು ತರುವುವು, ಅವುಗಳಿಂದ ದೂರವಿರಬೇಕು.

ಸೋಮೇಶ್ವರನ ರಾಜಧಾನಿಯಾಗಿದ್ದ ಅದೇ ಕಲ್ಯಾಣದಲ್ಲಿ ಶರಣರು ಕಾಯಕವನ್ನು ಎತ್ತಿಹಿಡಿದರು. ಕಾಯಕಕ್ಕೆ ಕಾಯವೇ ಆಧಾರ. ಅದನ್ನು ಕಾಪಾಡಿಕೊಳ್ಳುವುದು ಆಡಂಬರವಲ್ಲ. ಕೈಲಾಗುವವರೆಗೆ ದುಡಿಯುವ, ಪರರಿಗೆ ಹೊರೆಯಾಗದೆ ಬಾಳುವ ಸಂಕಲ್ಪ. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಈ ವಯಸ್ಸಿನಲ್ಲಿ ತಾವೇ ವಿದ್ಯಾರ್ಥಿಗಳಾಗಿ, ಗೋಡೆಯೆದುರು ನಿಂತು ಮೊದಲ ದಂಡವನ್ನು ಕಲಿಯುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಹಾಗೆ ಕಲಿಯುವ ಹಿರಿಯರನ್ನು ಕಂಡ ಮಕ್ಕಳಿಗೆ ಅದಕ್ಕಿಂತ ಮಿಗಿಲಾದ ಪಾಠ ಬೇರೊಂದು ಬೇಕಾಗದು.