ಪಂದ್ಯದ ಕುದುರೆಯ ದರ್ಜೆಯನ್ನು ತೂಗುವ ಬಗೆ

ಪಂದ್ಯದಲ್ಲಿ ಗೆದ್ದ ಕುದುರೆಯೇ ಮೇಲ್ದರ್ಜೆಯದೆಂದು ಎಣಿಸುವುದು ಸಹಜ. ಆದರೆ ಅದು ಹೊತ್ತ ಭಾರವೆಷ್ಟೆಂದು ಕೇಳದೆ ಹಾಗೆ ತೀರ್ಮಾನಿಸಲಾಗದು. 1930ರಲ್ಲಿ ಮೆಲ್ಬರ್ನ್ ಕಪ್ ಪಂದ್ಯವನ್ನು 62.5 ಕಿಲೋಗ್ರಾಂ ಹೊತ್ತು ಗೆದ್ದ ಫಾರ್ ಲ್ಯಾಪ್, ಮರುವರ್ಷ 68 ಕಿಲೋಗ್ರಾಂ ಹೊತ್ತು ಎಂಟನೆಯದಾಯಿತು. ಅಷ್ಟರಿಂದಲೇ ಅದರ ದರ್ಜೆ ಇಳಿಯಿತೆನ್ನಬಹುದೆ?

ಹ್ಯಾಂಡಿಕ್ಯಾಪ್ ಪಂದ್ಯಗಳಲ್ಲಿ ಉತ್ತಮ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲವನ್ನೂ ಸಮಗೊಳಿಸಲು ಯತ್ನಿಸುತ್ತಾರೆ. ಬ್ರಿಟನ್ನಿನ ರೂಢಿಯಂತೆ ಒಂದು ಮೈಲಿಯ ಓಟದಲ್ಲಿ ಒಂದು ಮೈಯುದ್ದದ, ಎಂದರೆ ಸುಮಾರು 2.4 ಮೀಟರಿನ, ಅಂತರವು 2 ಪೌಂಡ್ ಭಾರಕ್ಕೆ ಸಮ. ಐದು ಫರ್ಲಾಂಗಿನಲ್ಲಿ 3 ಪೌಂಡ್. ಇವು ಅನುಭವದಿಂದ ಬಂದ ಅಂಕಿಗಳು. ಆದರೂ ಲೆಕ್ಕ ಹಾಕಿ ನೋಡಿರಿ. ಕುದುರೆ ಮತ್ತು ಸವಾರನ ಒಟ್ಟು ತೂಕ 555 ಕಿಲೋಗ್ರಾಂ ಎನ್ನೋಣ. 2 ಪೌಂಡ್, ಎಂದರೆ 0.9 ಕಿಲೋಗ್ರಾಂ, ಅದರ ಶೇಕಡಾ 0.16. 1,600 ಮೀಟರಿನಲ್ಲಿ 2.4 ಮೀಟರು ಶೇಕಡಾ 0.15! ಐದು ಫರ್ಲಾಂಗಿಗೂ ಹೀಗೆಯೇ ಹೊಂದುತ್ತದೆ. ಸ್ನಾಯುಗಳ ಸಾಮರ್ಥ್ಯ ಸ್ಥಿರವಾಗಿದ್ದು, ಮೀಟರೊಂದಕ್ಕೆ ಬೇಕಾದ ಕೆಲಸವು ಒಟ್ಟು ತೂಕಕ್ಕೆ ಅನುಪಾತದಲ್ಲಿದ್ದರೆ, ಭಾರ ಹೆಚ್ಚಿದಷ್ಟೇ ಪಾಲು ವೇಗ ಕುಗ್ಗಬೇಕಷ್ಟೆ. ಕುದುರೆಯು ಉಗಿಯಂತ್ರವಲ್ಲ, ಈ ಹೊಂದಿಕೆಯನ್ನು ನಾನು ಪ್ರಮಾಣವೆಂದು ಹೇಳಲಾರೆ.

ಇನ್ನು ದರ್ಜೆ. 56 ಕಿಲೋಗ್ರಾಂ ಹೊತ್ತ ‘ಅ’ ಕುದುರೆಯು 52 ಕಿಲೋಗ್ರಾಂ ಹೊತ್ತ ‘ಬ’ ಕುದುರೆಯನ್ನು ಮೈಲಿಯ ಓಟದಲ್ಲಿ ಎರಡು ಮೈಯುದ್ದದಿಂದ ಸೋಲಿಸಿತೆನ್ನಿ. ಅದರ ಮೇಲ್ಮೆ 4 + 1.8 = 5.8 ಕಿಲೋಗ್ರಾಂ. ಇನ್ನೊಂದು ದಿನ ‘ಕ’ ಕುದುರೆಯು ಸಮಭಾರದಲ್ಲಿ ಅದೇ ‘ಬ’ ಕುದುರೆಯನ್ನು ನಾಲ್ಕು ಮೈಯುದ್ದದಿಂದ ಸೋಲಿಸಿತು, ಮೇಲ್ಮೆ 3.6 ಮಾತ್ರ. ಚಪ್ಪಾಳೆ ‘ಕ’ ಕುದುರೆಗೆ, ದರ್ಜೆ ‘ಅ’ ಕುದುರೆಗೆ. ಗೆಲುವು ಖಚಿತವಾದೊಡನೆ ಸವಾರನು ಲಗಾಮು ಬಿಗಿದಿದ್ದರೆ ಮಾತ್ರ ಈ ಅಂತರವನ್ನು ನಂಬಲಾಗದು. ‘ಕ’ ಇನ್ನೆಷ್ಟು ಓಡಬಲ್ಲದೆಂಬುದನ್ನು ಮುಂದಿನ ಪಂದ್ಯವೇ ತೋರಬೇಕು.