ಗೈಡ್ ನೋಡದೆ ವಾಲ್ವ್ ತಿಕ್ಕಬೇಡಿ

ಅರಕೇರಿ, ತಿಕೋಟಾ, ಬಬಲೇಶ್ವರದ ಕಡೆ ಹಳೆಯ ಟ್ರ್ಯಾಕ್ಟರಿನ ಹೆಡ್ ಬಿಚ್ಚಿದರೆ ಮೊದಲು ಹೊರಬರುವುದು ಗ್ರೈಂಡಿಂಗ್ ಪೇಸ್ಟಿನ ಡಬ್ಬಿ. ಸೀಟಿನ ಮೇಲೆ ಬೂದು ಉಂಗುರ ಮೂಡಿತೆಂದರೆ ಕೆಲಸ ಮುಗಿದಂತೆ. ಈ ಲೆಕ್ಕ ಅರ್ಧ ಮಾತ್ರ ಸರಿ ಎಂಬುದು ನಾನು ಕಲಿತ ಪಾಠ. ವಾಲ್ವಿನ ಕಡ್ಡಿಗೂ ಗೈಡಿಗೂ ನಡುವೆ ಇರಬೇಕಾದದ್ದು ಕೂದಲೆಳೆಯಷ್ಟು ಸಂದಿ, ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ರಾಕರ್ ಒತ್ತಿದಾಗೆಲ್ಲ ಕಡ್ಡಿಯನ್ನು ಒಂದೇ ಮಗ್ಗುಲಿಗೆ ತಳ್ಳುವುದರಿಂದ ಗೈಡ್ ದುಂಡಗೆ ಸವೆಯದೆ, ಎರಡೂ ತುದಿಗಳಲ್ಲಿ ಬಾಯಿ ಅಗಲಿಸಿಕೊಂಡು ಮೊಟ್ಟೆಯಾಕಾರಕ್ಕೆ ಬರುತ್ತದೆ. ಎರಿ ಹೊಲದ ಧೂಳು ಏರ್ ಕ್ಲೀನರ್ ದಾಟಿದರೆ ಇನ್ನೂ ಬೇಗ. ಆಮೇಲೆ ವಾಲ್ವ್ ಒಂದೊಂದು ಸಲ ಒಂದೊಂದು ವಾರೆಯಲ್ಲಿ ಕೂರುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಕಾವನ್ನು ಬಹುಮಟ್ಟಿಗೆ ಸೀಟಿಗೇ ಬಿಟ್ಟುಕೊಡುವುದು. ಸರಿಯಾಗಿ ಕೂರದಿದ್ದರೆ ಅಂಚು ಸುಡುತ್ತದೆ.

ಹೊಗೆ ಇಲ್ಲವಲ್ಲ, ಗೈಡ್ ಹೇಗೆ ಕೆಟ್ಟೀತು ಎಂದು ಕೇಳುವವರಿದ್ದಾರೆ. ಪೆಟ್ರೋಲ್ ಎಂಜಿನ್ನಿನ ಅನುಭವವನ್ನು ಡೀಸೆಲ್ಲಿಗೆ ಅಂಟಿಸಿದ್ದರಿಂದ ಬಂದ ಪ್ರಶ್ನೆ ಅದು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿ ಮುಚ್ಚುವ ಬಾಗಿಲಿರುತ್ತದೆ, ಒಳಸೆಳೆತ ಜೋರು. ಗೈಡಿನಿಂದ ಆಯಿಲ್ ಎಳೆದುಕೊಂಡು ನೀಲಿ ಹೊಗೆ ಕಾರುತ್ತದೆ. ಬಹುತೇಕ ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಆ ಬಾಗಿಲೇ ಇಲ್ಲ. ಕಾರ್ಖಾನೆಯ ಮುಂದೆ ಕಬ್ಬಿನ ಟ್ರಾಲಿಗಳ ಸಾಲಿನಲ್ಲಿ ಬಹಳ ಹೊತ್ತು ನಿಂತು, ಒಮ್ಮೆಲೇ ಎಕ್ಸಲರೇಟರ್ ಕೊಟ್ಟಾಗ ಒಂದು ಗುಟುಕು ನೀಲಿ ಹೊಗೆ ಕಂಡರೆ ಕಂಡೀತು, ಅಷ್ಟೆ. ಲೋಡಿನಲ್ಲಿ ಬಿಡದೆ ಹೊಗೆ, ಬ್ರೀದರಿನಿಂದಲೂ ಬುಸುಬುಸು ಎಂದರೆ ಮೊದಲ ಅನುಮಾನ ರಿಂಗಿನ ಮೇಲೆ. ಗೈಡಿನ ಸಂಗತಿಯನ್ನು ಹೊಗೆಗಿಂತ ಡಯಲ್ ಗೇಜ್ ನೇರವಾಗಿ ಹೇಳುತ್ತದೆ: ವಾಲ್ವನ್ನು ಸೀಟಿನಿಂದ ಸ್ವಲ್ಪ ಎತ್ತಿ, ರಾಕರ್ ತಳ್ಳುವ ದಿಕ್ಕಿನಲ್ಲೇ ಅಲ್ಲಾಡಿಸಿ ನೋಡಬೇಕು. ಅಡ್ಡ ದಿಕ್ಕಿನಲ್ಲಿ ನೋಡಿದರೆ ಕೆಟ್ಟ ಗೈಡೂ ಒಳ್ಳೆಯದಾಗಿ ಕಾಣುತ್ತದೆ.

ಹಳೆ ಗಾಡಿಗೆ ಇಷ್ಟು ಖರ್ಚು ಯಾಕೆ, ಸಾಮಾನಾದರೂ ಎಲ್ಲಿ ಸಿಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಎಚ್‌ಎಂಟಿ 1971ರಲ್ಲಿ ಜೆಟಾರ್ ಸಹಯೋಗದಿಂದ ಟ್ರ್ಯಾಕ್ಟರ್ ತಯಾರಿಕೆ ಶುರು ಮಾಡಿತ್ತು; ಆ ವಿಭಾಗ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟವೇ ಒಪ್ಪಿತು. ಆದರೆ ಗೈಡ್ ಎಂದರೆ ಬೀಡುಕಬ್ಬಿಣದ ಒಂದು ನಳಿಗೆ. ಅಳತೆ ಬಲ್ಲ ಲೇತ್‌ನವರು ಮಾಡಿಕೊಡಬಲ್ಲರು. ಗೈಡಿನ ಒಳಮೈಗೆ ಗೀರು ಹಾಕಿ ಲೋಹ ಉಬ್ಬಿಸುವ ಅಗ್ಗದ ದಾರಿಯೂ ಉಂಟು. ಉಬ್ಬಿದ ಏಣು ಬೇಗ ಸವೆಯುವುದರಿಂದ ನನಗದು ಒಂದು ಸುಗ್ಗಿಯ ಮಾತು. ಹೊಸ ಗೈಡ್ ಒತ್ತಿದ ಮೇಲೆ ರೀಮರ್ ಹಾಕಬೇಕು, ಅದರ ನೇರಕ್ಕೆ ಸೀಟ್ ಕಟಿಂಗ್ ಆಗಬೇಕು, ಪೇಸ್ಟಿನ ಸರದಿ ಆಮೇಲೆ. ಬಿಗಿ ಇದ್ದಷ್ಟೂ ಒಳ್ಳೆಯದೆಂದು ಎಕ್ಸಾಸ್ಟ್ ಗೈಡನ್ನು ಇನ್‌ಲೆಟ್‌ನಷ್ಟೇ ಬಿಗಿ ಇಡಬಾರದು. ಕಾದಾಗ ಕಡ್ಡಿ ಹಿಗ್ಗಿ, ತುಂಬಿದ ಟ್ರಾಲಿ ಎಳೆಯುವಾಗಲೇ ಕಚ್ಚಿಕೊಳ್ಳುತ್ತದೆ.